ಕಾಲುಸಂಕದ ಬೇಡಿಕೆ: ಶಾಸಕರ ಭೇಟಿಗೆ ಹೇಗೆ ಸಿದ್ಧರಾಗಬೇಕು?

ಪ್ರಶ್ನೆ: ಹಳ್ಳದಾಚೆಯವ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ಸಣ್ಣ ಊರು. ಹಳ್ಳದ ಆಚೆಯ ಮನೆಗಳ ಮಕ್ಕಳಿಗೆ ಶಾಲೆಗೆ ಬರಲು ಅಡಿಕೆ ದಬ್ಬೆ ಹಾಸಿ ಕಟ್ಟಿದ ಕಾಲುಸಂಕವೊಂದೇ ದಾರಿ. ಮಳೆಗಾಲದಲ್ಲಿ ನೀರು ದಬ್ಬೆಯ ಮಟ್ಟಕ್ಕೆ ಏರಿದಾಗ ಕೈಹಿಡಿಕೆಯ ಬಿದಿರು ಸಹ ಅಲುಗಾಡುತ್ತದೆ. ಅಂತಹ ದಿನ ತಾಯಂದಿರು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಕಾಂಕ್ರೀಟಿನ ಕಿರುಸೇತುವೆ ಬೇಕೆಂದು ಹಿಂದೆಯೂ ಮನವಿ ಕೊಟ್ಟಿದ್ದೇವೆ, ಫಲ ಕಂಡಿಲ್ಲ. ಈಗ ಶಾಸಕರ ಭೇಟಿಗೆ ಸಮಯ ಸಿಕ್ಕಿದೆ. ಯಾವ ಕಾಗದಗಳನ್ನು ಒಯ್ಯಬೇಕು, ಯಾರು ಮಾತನಾಡಬೇಕು, ಏನೆಂದು ಕೇಳಬೇಕು? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿ ಈ ಹೊಣೆ ನನ್ನ ಮೇಲಿದೆ, ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಮಾಜಿ ಪಂಚಾಯಿತಿ ಸದಸ್ಯೆ

"ಸೇತುವೆ ಮಾಡಿಸಿಕೊಡಿ" ಎಂದಷ್ಟೇ ಕೇಳಿದರೆ "ನೋಡೋಣ" ಎಂಬ ಉತ್ತರ ಬರುತ್ತದೆ. ಶಾಸಕರ ಕೈಯಲ್ಲಿ ಏನಿದೆ ಎಂಬುದನ್ನು ಅರಿತು ಕೇಳಬೇಕು. ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಡಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಇದ್ದರೂ ಅದು ಇಡೀ ಕ್ಷೇತ್ರಕ್ಕೆ ಹಂಚಿಹೋಗುವ ಹಣ. ಕಾಮಗಾರಿಯನ್ನು ಅವರು ಸೂಚಿಸುತ್ತಾರೆ, ಮಂಜೂರಾತಿ ಜಿಲ್ಲಾಧಿಕಾರಿಯವರಿಂದ ಆಗಬೇಕು. ಆದ್ದರಿಂದ ಭೇಟಿಗೆ ಮುನ್ನವೇ ಆ ದಾರಿ ಯಾರ ವ್ಯಾಪ್ತಿಗೆ ಬರುತ್ತದೆ, ಗ್ರಾಮ ಪಂಚಾಯಿತಿಗೋ, ಜಿಲ್ಲಾ ಪಂಚಾಯಿತಿಯ ಎಂಜಿನಿಯರಿಂಗ್ ವಿಭಾಗಕ್ಕೋ, ಲೋಕೋಪಯೋಗಿ ಇಲಾಖೆಗೋ ಎಂಬುದನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ತಿಳಿದುಕೊಳ್ಳಿ. ಗ್ರಾಮಸಭೆಯ ನಡವಳಿಯಲ್ಲಿ ಈ ಬೇಡಿಕೆ ದಾಖಲಾಗಿದ್ದರೆ ಅದರ ದೃಢೀಕೃತ ಪ್ರತಿ ನಿಮ್ಮ ಕಡತದಲ್ಲಿ ಎಲ್ಲಕ್ಕಿಂತ ಮೇಲಿರಲಿ.

ಹಳ್ಳದ ದಂಡೆ ಅರಣ್ಯ ಭೂಮಿಯೇ ಎಂಬುದನ್ನೂ ನೋಡಿ, ನಮ್ಮ ಕಡೆ ಎಷ್ಟೋ ಕೆಲಸಗಳು ನಿಲ್ಲುವುದು ಅಲ್ಲಿಯೇ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ರಸ್ತೆ, ಶಾಲೆ, ಅಂಗನವಾಡಿಯಂತಹ ಸೌಲಭ್ಯಗಳಿಗೆ, ಗ್ರಾಮಸಭೆಯ ಶಿಫಾರಸಿನ ಮೇಲೆ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ಅವಕಾಶವಿದೆ. ನಿಮ್ಮ ಜಾಗಕ್ಕೆ ಅದು ಅನ್ವಯಿಸುತ್ತದೆಯೇ ಎಂದು ವಲಯ ಅರಣ್ಯಾಧಿಕಾರಿಯವರಲ್ಲಿ ವಿಚಾರಿಸಿ.

ಉತ್ತರ: ನಿವೃತ್ತ ಆಪ್ತ ಸಹಾಯಕ

ಶಾಸಕರ ಕಚೇರಿಯಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಮನವಿಯ ಹಾದಿಯನ್ನು ಹೇಳುತ್ತೇನೆ. ಬೆಳಗಿನ ಜನಸಂದಣಿಯಲ್ಲಿ ಶಾಸಕರು ಮನವಿಯ ಅಂಚಿನಲ್ಲಿ "ಪರಿಶೀಲಿಸಿ ಕ್ರಮ ವಹಿಸಿ" ಎಂದು ಬರೆದು ಸಹಿ ಹಾಕುತ್ತಾರೆ, ಬಂದವರು ಸಮಾಧಾನದಿಂದ ಹೊರಡುತ್ತಾರೆ. ಆದರೆ ಆ ಒಂದು ಸಾಲಿಗೆ ಅಂದಾಜು ಪಟ್ಟಿಯೂ ಇಲ್ಲ, ಗಡುವೂ ಇಲ್ಲ. ನೀವು ಕೇಳಬೇಕಾದದ್ದು ಸಂಬಂಧಪಟ್ಟ ಎಂಜಿನಿಯರ್ ಅವರ ಹುದ್ದೆಯನ್ನು ಉಲ್ಲೇಖಿಸಿ, ಸ್ಥಳ ತನಿಖೆ ನಡೆಸಿ ಇಂತಿಷ್ಟು ದಿನಗಳಲ್ಲಿ ಅಂದಾಜು ಪಟ್ಟಿ ಸಲ್ಲಿಸಬೇಕೆಂದು ಸೂಚಿಸುವ, ಶಾಸಕರ ಲೆಟರ್‌ಹೆಡ್‌ನಲ್ಲಿರುವ ಪತ್ರವನ್ನು. ಪತ್ರದ ಸಂಖ್ಯೆ, ದಿನಾಂಕ ಮತ್ತು ಒಂದು ಪ್ರತಿಯನ್ನು ಆಪ್ತ ಸಹಾಯಕರಿಂದ ಪಡೆಯದೆ ಹೊರಡಬೇಡಿ.

ಮನವಿ ಒಂದೇ ಪುಟದಲ್ಲಿರಲಿ, ಅದರಲ್ಲಿ ಒಂದೇ ವಿಷಯವಿರಲಿ. ಬೀದಿದೀಪವನ್ನೂ ಸ್ಮಶಾನದ ಜಾಗವನ್ನೂ ಅದರೊಂದಿಗೆ ಸೇರಿಸಿದರೆ ಸುಲಭವಾದದ್ದು ಮಾತ್ರ ಆಗುತ್ತದೆ, ಸಂಕ ಉಳಿದುಹೋಗುತ್ತದೆ. ತಾಲ್ಲೂಕು ಮಟ್ಟದ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ) ಸಭೆಗೆ ಶಾಸಕರೇ ಅಧ್ಯಕ್ಷರಾಗಿರುವುದರಿಂದ ವಿಷಯವನ್ನು ಮುಂದಿನ ಸಭೆಯಲ್ಲಿ ಪ್ರಸ್ತಾಪಿಸುವಂತೆಯೂ ಕೋರಿ. ಅಲ್ಲಿ ದಾಖಲಾದ ಮಾತಿಗೆ ಅಧಿಕಾರಿಗಳು ಏನು ಕ್ರಮ ಕೈಗೊಂಡರೆಂಬ ಅನುಪಾಲನಾ ವರದಿ ಕೊಡಬೇಕಾಗುತ್ತದೆ. ನನ್ನ ಅನುಭವದಲ್ಲಿ ಕಡತ ನಿಜವಾಗಿ ಕದಲುವುದು ಆಗಲೇ.

ಉತ್ತರ: ಶಾಲೆಯ ಹಿತೈಷಿ

ಐದಾರು ಜನರಿಗಿಂತ ಹೆಚ್ಚು ಹೋಗಬೇಡಿ. ಪಕ್ಷದ ಮುಖಂಡರನ್ನು ಮುಂದಿಟ್ಟುಕೊಂಡು ಹೋದರೆ ಮಾತು ಬೇರೆ ಕಡೆ ಹೊರಳುತ್ತದೆ. ಆ ಸಂಕ ದಾಟಿಸಿ ಮಗುವನ್ನು ಕಳಿಸುವ ತಾಯಿಯೊಬ್ಬರು ಮೊದಲು ಎರಡು ನಿಮಿಷ ಮಾತನಾಡಲಿ, ಆಮೇಲೆ ನೀವು ಕಾಗದ ಕೊಡಿ. ಮಳೆಗಾಲದಲ್ಲಿ ತೆಗೆದ ಫೋಟೋ ಇದ್ದರೆ ದೊಡ್ಡದಾಗಿ ಮುದ್ರಿಸಿ ಒಯ್ಯಿರಿ, ಏಕೆಂದರೆ ಬೇಸಿಗೆಯಲ್ಲಿ ಆ ಹಳ್ಳವನ್ನು ನೋಡಿದ ಎಂಜಿನಿಯರ್‌ಗೆ ಸೇತುವೆಯ ಎತ್ತರದ ಅಂದಾಜು ಸಿಗುವುದಿಲ್ಲ.

ಹಳ್ಳದಾಚೆಯವ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಾಳೆಯೇ ಪಿಡಿಒ ಅವರನ್ನು ಕಂಡು ನಡವಳಿಯ ಪ್ರತಿ ಕೇಳುತ್ತೇನೆ. ವಿಧಾನ ಪರಿಷತ್ ಸದಸ್ಯರಿಗೂ ಇದೇ ಮನವಿ ಕೊಡಬಹುದೇ?

ನಿವೃತ್ತ ಆಪ್ತ ಸಹಾಯಕ

ಕೊಡಬಹುದು, ಅವರಿಗೂ ಇಂತಹದೇ ನಿಧಿ ಇದೆ. ಆದರೆ ಇಬ್ಬರಿಗೂ ಕೊಟ್ಟಿರುವುದನ್ನು ಎರಡೂ ಮನವಿಗಳಲ್ಲಿ ಸ್ಪಷ್ಟವಾಗಿ ಬರೆಯಿರಿ. ಮುಚ್ಚಿಟ್ಟರೆ ಒಬ್ಬರು ಮಾಡುತ್ತಾರೆಂದು ಇನ್ನೊಬ್ಬರು ಸುಮ್ಮನಾಗುವ ಸಂಭವವಿದೆ.