ಮರೀನಾ ಬೇ ಕಟ್ಟಡಗಳ ರಾತ್ರಿ ಫೋಟೊ: ಬಲ್ಲವರು ತಿಳಿಸಿ

ಪ್ರಶ್ನೆ: ಮುಂದಿನ ತಿಂಗಳು ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೋಗುತ್ತಿದ್ದೇನೆ. ಮರೀನಾ ಬೇ ಸುತ್ತಲಿನ ಕಟ್ಟಡಗಳ ರಾತ್ರಿ ಫೋಟೊ ತೆಗೆಯುವ ಆಸೆ. ಸಿಗುವುದು ಎರಡೇ ಸಂಜೆ. ಎಪಿಎಸ್‌-ಸಿ ಕ್ಯಾಮೆರಾ (ಮಧ್ಯಮ ಗಾತ್ರದ ಸೆನ್ಸರಿನದು), ಅದರ ಜೊತೆ ಬಂದ 18–55 ಎಂಎಂ ಕಿಟ್ ಲೆನ್ಸ್, ಸಾಧಾರಣ ಟ್ರೈಪಾಡ್ ಇವೆ. ಎಲ್ಲಿ ನಿಲ್ಲಬೇಕು, ಸೆಟ್ಟಿಂಗ್ ಏನಿಡಬೇಕು?

ಉತ್ತರ 1: ಪೂರ್ತಿ ಕತ್ತಲಾಗುವವರೆಗೆ ಕಾಯಬೇಡಿ. ಆಕಾಶ ಕಪ್ಪಾದರೆ ಕಟ್ಟಡದ ಅಂಚು ಅದರಲ್ಲೇ ಕರಗಿ ಬರೀ ದೀಪಗಳು ಉಳಿಯುತ್ತವೆ. ಆಕಾಶದ ನೀಲಿ ಮತ್ತು ಕಿಟಕಿಗಳ ಬೆಳಕು ಸರಿದೂಗುವ ಹೊತ್ತೇ ಬೇಕು. ಸಿಂಗಾಪುರದಲ್ಲಿ ವರ್ಷವಿಡೀ ಸಂಜೆ ಸುಮಾರು 6:50ರಿಂದ 7:20ರೊಳಗೆ ಸೂರ್ಯ ಮುಳುಗುತ್ತಾನೆ. ಮುಳುಗಿದ 15ನೇ ನಿಮಿಷದಿಂದ 30ನೇ ನಿಮಿಷದವರೆಗೆ ನಿಮ್ಮ ಸಮಯ, ಅಷ್ಟೇ. ಸಮಭಾಜಕ ವೃತ್ತದ ಹತ್ತಿರ ಸೂರ್ಯ ನೆಟ್ಟಗೆ ಇಳಿಯುವುದರಿಂದ ಬೆಳಕು ಸುಮಾರು ಮೂರು ನಿಮಿಷಕ್ಕೊಂದು ಸ್ಟಾಪ್, ಅಂದರೆ ಅರ್ಧಕ್ಕರ್ಧ, ಕಡಿಮೆಯಾಗುತ್ತದೆ. ಹಾಗಾಗಿ ಒಂದೇ ಶಟರ್ ವೇಗಕ್ಕೆ ಅಂಟಿಕೊಳ್ಳಬೇಡಿ. ಐಎಸ್‌ಒ 100 (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ), ಎಫ್/8 (ಲೆನ್ಸಿನ ರಂಧ್ರದ ಅಳತೆ) ಇಟ್ಟು 1–2 ಸೆಕೆಂಡಿನಿಂದ ಶುರು ಮಾಡಿ. ಕೊನೆಗೆ 8–10 ಸೆಕೆಂಡಿಗೆ ಬಂದಿರುತ್ತೀರಿ. ಬೆಂಗಳೂರಿನ ಸಂಜೆಯೂ ಹೆಚ್ಚುಕಡಿಮೆ ಇದೇ ವೇಗದಲ್ಲಿ ಕತ್ತಲಾಗುತ್ತದೆ, ಹೊರಡುವ ಮೊದಲು ಮನೆಯ ಮಾಳಿಗೆಯ ಮೇಲೆ ಕೈ ಪಳಗಿಸಿಕೊಳ್ಳಿ.

ಎರಡು ಸಂಜೆಗೆ ಎರಡೇ ಜಾಗ. ಒಂದು ದಿನ ಮರ್ಲಯನ್ ಪಾರ್ಕ್ (ಸಿಂಹಮುಖದ ಮೀನಿನ ಪ್ರತಿಮೆ ಇರುವ ದಂಡೆ) ಕಡೆಯಿಂದ ಮೂರು ಗೋಪುರಗಳ ಹೋಟೆಲ್ ಮರೀನಾ ಬೇ ಸ್ಯಾಂಡ್ಸ್. ಅಲ್ಲಿಂದ ನೀವು ನೋಡುವುದು ಪೂರ್ವಕ್ಕೆ, ಆ ಆಕಾಶ ಬೇಗ ಕಪ್ಪಾಗುತ್ತದೆ, ಆದ್ದರಿಂದ ಹತ್ತು ನಿಮಿಷ ಮುಂಚೆಯೇ ಸಿದ್ಧರಾಗಿ. ಇನ್ನೊಂದು ದಿನ ಸ್ಯಾಂಡ್ಸ್ ಮುಂದಿನ ದಂಡೆಯಿಂದ ಪಶ್ಚಿಮಕ್ಕೆ, ಬ್ಯಾಂಕ್ ಕಟ್ಟಡಗಳ ಸಾಲು. ಅಲ್ಲಿ ಕೆಂಪು, ನೀಲಿ ಎರಡೂ ಹೆಚ್ಚು ಹೊತ್ತು ನಿಲ್ಲುತ್ತವೆ. ಒಂದೇ ಸಂಜೆ ಎರಡನ್ನೂ ಹಿಡಿಯಲು ಕೊಲ್ಲಿ ಸುತ್ತಿ ನಡೆದರೆ ಬೆಳಕೆಲ್ಲ ದಾರಿಯಲ್ಲೇ ಮುಗಿಯುತ್ತದೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಜೊತೆಗೆ ನೆಟ್ಟಗಿನ ಗೆರೆಗಳ ವಿಷಯ ಹೇಳಲೇಬೇಕು, ಕಟ್ಟಡದ ಚಿತ್ರ ಕೆಡುವುದು ಹೆಚ್ಚಾಗಿ ಅಲ್ಲೇ. ಕ್ಯಾಮೆರಾದ ಮುಖ ಮೇಲಕ್ಕೆತ್ತಿದರೆ ಗೋಪುರಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಪರದೆಯ ಲೆವೆಲ್ ಗೆರೆ ಆನ್ ಮಾಡಿ ಕ್ಯಾಮೆರಾವನ್ನು ಸಮವಾಗಿಡಿ. ಮರ್ಲಯನ್ ಕಡೆಯಿಂದ 24–28 ಎಂಎಂನಲ್ಲಿ ಸಮವಾಗಿಟ್ಟರೂ ಸುಮಾರು 200 ಮೀಟರ್ ಎತ್ತರದ ಮೂರೂ ಗೋಪುರ ತುದಿಯವರೆಗೆ ಹಿಡಿಸುತ್ತವೆ. ಕೆಳಗಿನ ಅರ್ಧ ನೀರು ಬರುತ್ತದೆ, ಪ್ರತಿಫಲನಕ್ಕೆ ಅದು ಬೇಕೇ ಬೇಕು. ಹತ್ತಿರದಿಂದ ತೆಗೆಯುವಾಗ ಎತ್ತದೆ ವಿಧಿಯಿಲ್ಲ. ಆಗ ನಾಲ್ಕೂ ಕಡೆ ಧಾರಾಳವಾಗಿ ಜಾಗ ಬಿಡಿ, ಆಮೇಲೆ ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಿದಾಗ ಅಂಚುಗಳು ಕತ್ತರಿಸಿ ಹೋಗುತ್ತವೆ. ಪೂರ್ತಿ ನೆಟ್ಟಗೆ ಮಾಡಬೇಡಿ, ತಲೆ ದಪ್ಪವಾದಂತೆ ಕಾಣುತ್ತದೆ. ಸ್ವಲ್ಪ ಒಮ್ಮುಖ ಉಳಿಸಿದರೇ ಕಣ್ಣಿಗೆ ಸಹಜ.

ಇಲ್ಲೊಂದು ಎಚ್ಚರ. ಮೋಶೆ ಸಾಫ್ಡಿ ವಿನ್ಯಾಸ ಮಾಡಿದ ಆ ಗೋಪುರಗಳನ್ನು ಪಕ್ಕದಿಂದ, ಅಂದರೆ ಹೀಲಿಕ್ಸ್ ಸೇತುವೆ ಕಡೆಯಿಂದ ನೋಡಿದರೆ ಒಂದು ಕಾಲು ಬಾಗಿ ಇನ್ನೊಂದಕ್ಕೆ ಒರಗಿದೆ. ಆ ಅಂಚನ್ನು ನಂಬಿ ಸರಿಪಡಿಸಲು ಹೋದರೆ ಇಡೀ ಚಿತ್ರ ಸೊಟ್ಟಗಾಗುತ್ತದೆ. ದೀಪದ ಕಂಬವೋ ಹಿಂದಿನ ಬೇರೆ ಕಟ್ಟಡವೋ ಅಳತೆಗಿರಲಿ.

ಉತ್ತರ 3: ಹೀಲಿಕ್ಸ್ ಸೇತುವೆಯ ಮೇಲೆ ಟ್ರೈಪಾಡ್ ಇಟ್ಟು 10 ಸೆಕೆಂಡ್ ತೆಗೆಯಬೇಡಿ. ಅದು ಉಕ್ಕಿನ ಪಾದಚಾರಿ ಸೇತುವೆ. ಜನ ನಡೆದಾಗ ನಡುಗುತ್ತದೆ, ಟ್ರೈಪಾಡ್ ಎಷ್ಟೇ ದುಬಾರಿಯಾಗಿದ್ದರೂ ಅಷ್ಟೇ. ಅಲ್ಲೇ ನಿಲ್ಲಬೇಕೆಂದರೆ ಐಎಸ್‌ಒ 800ಕ್ಕೆ ಏರಿಸಿ ಅರ್ಧ ಸೆಕೆಂಡಿನ ಹತ್ತು ಚಿತ್ರ ತೆಗೆದು ನಡುಗದವನ್ನು ಆರಿಸಿಕೊಳ್ಳಿ.

ಸಾಧಾರಣ ಟ್ರೈಪಾಡಿಗೆ: ನಡುವಿನ ಕಂಬ ಎತ್ತಬೇಡಿ, ಕೊನೆಯ ಸಣಕಲು ಕಾಲುಗಳನ್ನು ಎಳೆಯಬೇಡಿ. ಬ್ಯಾಗ್ ತೂಗುಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ. ಗಾಳಿಗೆ ತೂಗಾಡಿದರೆ ಅದೇ ಅಲುಗಿಸುತ್ತದೆ. ಸ್ಟೆಬಿಲೈಸೇಷನ್ (ಕೈ ನಡುಕ ಸರಿಪಡಿಸುವ ಸೌಲಭ್ಯ) ಆಫ್, ಟೈಮರ್ 2 ಸೆಕೆಂಡ್. ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ) 10 ಪಟ್ಟು ಹಿಗ್ಗಿಸಿ ದೂರದ ಪ್ರಕಾಶಮಾನ ಅಂಚಿಗೆ ಫೋಕಸ್ ಮಾಡಿ ಮ್ಯಾನ್ಯುವಲ್‌ಗೆ ಬದಲಿಸಿ. ಆಮೇಲೆ ಝೂಮ್ ಮುಟ್ಟಿದರೆ ಫೋಕಸ್ ಮತ್ತೆ ನೋಡಬೇಕು.

ಯುವಿ ಫಿಲ್ಟರ್ ತೆಗೆದುಬಿಡಿ. ಕಪ್ಪು ಆಕಾಶದಲ್ಲಿ ಹಸಿರು ಚುಕ್ಕೆಗಳು, ಅದೂ ಚಿತ್ರದ ಮಧ್ಯಬಿಂದುವಿಗೆ ಎದುರುಬದುರಾಗಿ ದೀಪಗಳ ತಲೆಕೆಳಗಾದ ನೆರಳಿನಂತೆ ಬಂದರೆ, ಕಾರಣ ಬಹುಪಾಲು ಅದೇ ಫಿಲ್ಟರ್.

ಮತ್ತೆ ಪ್ರಶ್ನೆ: ಧನ್ಯವಾದ ಎಲ್ಲರಿಗೂ. ದೀಪಗಳು ನಕ್ಷತ್ರದಂತೆ ಬರಲು ಎಫ್/16 ಇಡಬೇಕು ಎನ್ನುತ್ತಾರಲ್ಲ? ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ (ಹೆಚ್ಚು ಹೊತ್ತು ತೆರೆದಿಟ್ಟ ಚಿತ್ರದ ಕಾಳುಕಾಳು ತೆಗೆಯುವ ಸೌಲಭ್ಯ) ಬೇಕಾ?

ಉತ್ತರ 2: ಎಫ್/11 ಸಾಕು. ಎಫ್/16ರಲ್ಲಿ ಡಿಫ್ರ್ಯಾಕ್ಷನ್‌ನಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದರಿಂದ) ಕಿಟಕಿಗಳ ಸೂಕ್ಷ್ಮ ಗೆರೆಗಳು ಮೆತ್ತಗಾಗುತ್ತವೆ. ಕಟ್ಟಡದ ಚಿತ್ರದಲ್ಲಿ ಆ ಗೆರೆಗಳೇ ಮುಖ್ಯ. ನಾಯ್ಸ್ ರಿಡಕ್ಷನ್ ಆಫ್ ಮಾಡಿ. 10 ಸೆಕೆಂಡಿನ ಚಿತ್ರಕ್ಕೆ ಇನ್ನೂ 10 ಸೆಕೆಂಡ್ ಕ್ಯಾಮೆರಾ ಸುಮ್ಮನೆ ಕೂರುತ್ತದೆ, ಇರುವ ಕಾಲು ಗಂಟೆಯಲ್ಲಿ ಅರ್ಧ ಹಾಳು. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆಯಿರಿ, −2, 0, +2 ಸ್ಟಾಪ್ ಎಂದು (ಕಪ್ಪಾಗಿ, ಸಾಮಾನ್ಯವಾಗಿ, ಬೆಳ್ಳಗೆ) ಮೂರು ಚಿತ್ರ. ಹಿಸ್ಟೋಗ್ರಾಮಿನಲ್ಲಿ (ಬೆಳಕಿನ ಹಂಚಿಕೆಯ ಗ್ರಾಫ್) ಕೆಂಪು, ನೀಲಿ ಬೇರೆ ಬೇರೆಯಾಗಿ ನೋಡಿ. ಎಲ್‌ಇಡಿ ಫಲಕಗಳಲ್ಲಿ ಒಂದೇ ಬಣ್ಣ ಮೊದಲು ಸುಟ್ಟು ಹೋಗುತ್ತದೆ, ಒಟ್ಟು ಗ್ರಾಫ್ ಅದನ್ನು ತೋರಿಸುವುದಿಲ್ಲ. ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಆಟೊ ಬಿಟ್ಟು 4000 ಕೆಲ್ವಿನ್ ಆಸುಪಾಸು ಇಡಿ, ಸಾಲು ಚಿತ್ರಗಳ ಬಣ್ಣ ಒಂದೇ ಇರುತ್ತದೆ.

ಉತ್ತರ 4: ಯಾರೂ ಹೇಳದ ಒಂದು ಮಾತು: ಎಸಿ ಕೋಣೆಯಿಂದ ನೇರ ಹೊರಗೆ ತಂದರೆ ಆ ಸೆಕೆಗೆ ಲೆನ್ಸ್ ತಕ್ಷಣ ಮಂಜಾಗುತ್ತದೆ. ಒರೆಸಿದರೂ ಮತ್ತೆ ಬರುತ್ತದೆ. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ಅಂದರೆ ಆರೂಕಾಲಕ್ಕೆಲ್ಲ ಹೋಟೆಲ್ ಬಿಟ್ಟಿರಬೇಕು. ಕತ್ತಲಾದ ಮೇಲೆ ಸ್ಯಾಂಡ್ಸ್ ಮುಂದೆ ಬೆಳಕಿನ ಪ್ರದರ್ಶನವಿದ್ದರೆ ಶಟರ್ 1–2 ಸೆಕೆಂಡಿಗೆ ಇಳಿಸಿ. ಹೆಚ್ಚಾದರೆ ಕಿರಣಗಳೆಲ್ಲ ಕಲಸಿ ಬಿಳಿ ಮಬ್ಬಾಗುತ್ತವೆ. ಲೇಸರ್ ಕಿರಣ ನೇರವಾಗಿ ಲೆನ್ಸಿನೊಳಗೆ ಬೀಳುವ ಜಾಗದಲ್ಲಿ ನಿಲ್ಲಬೇಡಿ, ಸೆನ್ಸರಿನಲ್ಲಿ ಶಾಶ್ವತ ಗೆರೆ ಬೀಳಬಹುದು.