ಅಸೀಮಾ ಚಟರ್ಜಿ ಮತ್ತು ನಿತ್ಯಪುಷ್ಪದ ಕ್ಯಾನ್ಸರ್ ಔಷಧ: ಎಷ್ಟು ನಿಜ?

ಪ್ರಶ್ನೆ (ಪಿಯು ಕಾಲೇಜಿನ ರಸಾಯನಶಾಸ್ತ್ರ ಉಪನ್ಯಾಸಕ)

ವಿಜ್ಞಾನ ದಿನದ ಭಿತ್ತಿಪತ್ರಿಕೆಗಾಗಿ ನಮ್ಮ ವಿದ್ಯಾರ್ಥಿಗಳು ಕೋಲ್ಕತ್ತದ ರಸಾಯನಶಾಸ್ತ್ರಜ್ಞೆ ಅಸೀಮಾ ಚಟರ್ಜಿ (1917–2006) ಅವರ ಬಗ್ಗೆ ಬರೆದು ತಂದಿದ್ದಾರೆ. ನಿತ್ಯಪುಷ್ಪದ ಗಿಡದಿಂದ ಕ್ಯಾನ್ಸರ್ ಔಷಧ ಕಂಡುಹಿಡಿದವರು ಅವರೇ ಎಂದೂ, ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಅವರೆಂದೂ ಅದರಲ್ಲಿದೆ. ಎರಡರ ಬಗ್ಗೆಯೂ ನನಗೆ ಅನುಮಾನವಿದೆ. ಅವು ತಪ್ಪಾಗಿದ್ದರೆ, ಆ ಜಾಗದಲ್ಲಿ ಏನು ಬರೆಸುವುದು ಸರಿ?

ಉತ್ತರ (ಸಸ್ಯಜನ್ಯ ರಾಸಾಯನಿಕಗಳ ಸಂಶೋಧಕಿ)

ನಿಮ್ಮ ಅನುಮಾನ ಸರಿಯಾಗಿದೆ. ನಿತ್ಯಪುಷ್ಪದಿಂದ ಕ್ಯಾನ್ಸರ್ ಔಷಧ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದವರು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್. ಅದೇ ಗಿಡದ ಇನ್ನೊಂದು ಕ್ಯಾನ್ಸರ್ ಔಷಧ ವಿನ್‌ಕ್ರಿಸ್ಟಿನ್ ಬಂದದ್ದು ಅಮೆರಿಕದ ಎಲೈ ಲಿಲ್ಲಿ ಕಂಪನಿಯ ಪ್ರಯೋಗಾಲಯದಿಂದ. ಅಸೀಮಾ ಅವರು ಈ ಬಗೆಯ ಆಲ್ಕಲಾಯ್ಡ್‌ಗಳ (ಗಿಡಗಳಲ್ಲಿರುವ, ಸಾರಜನಕವುಳ್ಳ ಸಂಯುಕ್ತಗಳ) ಮೇಲೆ ದೀರ್ಘಕಾಲ ಕೆಲಸ ಮಾಡಿದ್ದರಿಂದ ಎರಡು ಕಥೆಗಳು ಬೆರೆತುಹೋಗಿವೆ. ಡಾಕ್ಟರೇಟಿನ ಮಾತಿಗೂ ತಿದ್ದುಪಡಿ ಬೇಕು: ಜಾನಕಿ ಅಮ್ಮಾಳ್ ಮಿಷಿಗನ್‌ನಲ್ಲಿ, ಕಮಲಾ ಸೊಹೋನಿ ಕೇಂಬ್ರಿಜ್‌ನಲ್ಲಿ ಅದಕ್ಕೂ ಮೊದಲೇ ಪದವಿ ಪಡೆದಿದ್ದರು. 1944ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಡಿ.ಎಸ್‌ಸಿ. (ಡಾಕ್ಟರ್ ಆಫ್ ಸೈನ್ಸ್) ಪಡೆದ ಅಸೀಮಾ, ಭಾರತದ ವಿಶ್ವವಿದ್ಯಾಲಯವೊಂದರಿಂದ ಆ ಪದವಿ ಗಳಿಸಿದ ಮೊದಲ ಮಹಿಳೆ.

ಅವರ ನಿಜವಾದ ಸಾಧನೆ ಅಣುರಚನೆಯನ್ನು ಬಿಡಿಸಿದ್ದರಲ್ಲಿದೆ. ಸರ್ಪಗಂಧಿ ಕುಲದ ಗಿಡಗಳಲ್ಲಿರುವ ಅಜ್ಮಲಿಸೀನ್, ಸಾರ್ಪಗೀನ್ ಮುಂತಾದ ಇಂಡೋಲ್ ಆಲ್ಕಲಾಯ್ಡ್‌ಗಳ ರಚನೆ ಮತ್ತು ತ್ರಿವಿಮ ವಿನ್ಯಾಸದ ಕುರಿತು ಅವರ ತಂಡ ಮಹತ್ವದ ಕೆಲಸ ಮಾಡಿತು. ಇಂದು ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಯಂತ್ರ ಒಂದು ಮಧ್ಯಾಹ್ನದಲ್ಲಿ ಹೇಳುವುದನ್ನು ಆಗ ತಿಳಿಯಬೇಕಾದರೆ, ಬೇರನ್ನೋ ತೊಗಟೆಯನ್ನೋ ಪುಡಿಮಾಡಿ ಆಲ್ಕೊಹಾಲಿನಲ್ಲಿ ಸಾರ ತೆಗೆದು, ಆಮ್ಲದಲ್ಲಿ ಕರಗಿಸಿ, ಕ್ಷಾರ ಸೇರಿಸಿ ತಳಕ್ಕಿಳಿಯುವಂತೆ ಮಾಡಿ, ಅಲ್ಯೂಮಿನಾ ಕಂಬದ (ಅಲ್ಯೂಮಿನಾ ಪುಡಿ ತುಂಬಿದ ಕೊಳವೆಯ) ಮೂಲಕ ಹಾಯಿಸಿ, ಹರಳು ಕಟ್ಟುವವರೆಗೆ ಶುದ್ಧಗೊಳಿಸಬೇಕಿತ್ತು. ಆಮೇಲೆ ಆ ಹರಳನ್ನೇ ಸುಟ್ಟು ಅಣುಸೂತ್ರ ಲೆಕ್ಕಹಾಕಿ, ಸೆಲೆನಿಯಂ ಅಥವಾ ಸತುವಿನ ಪುಡಿಯೊಂದಿಗೆ ಕಾಯಿಸಿ ಚೂರುಗಳಾಗಿ ಒಡೆದು, ಆ ಚೂರುಗಳನ್ನು ಗುರುತಿಸಿ ಮೂಲ ಅಣುವನ್ನು ಊಹಿಸಬೇಕಿತ್ತು. ಭಿತ್ತಿಪತ್ರಿಕೆಯಲ್ಲಿ ಇದನ್ನೇ ಬರೆಸಿ; ಬಿರುದುಗಳ ಪಟ್ಟಿಗಿಂತ ಮಕ್ಕಳಿಗೆ ಇದು ಹೆಚ್ಚು ಹಿಡಿಸುತ್ತದೆ.

ಉತ್ತರ (ನಿವೃತ್ತ ಪ್ರಾಧ್ಯಾಪಕ)

ಅಧ್ಯಾಪಕಿಯಾಗಿ ಅವರು ಮಾಡಿದ ಕೆಲಸವನ್ನು ಬಿಡಬೇಡಿ. ಡಿ.ಎಸ್‌ಸಿ.ಗೂ ಮುಂಚೆ, 1940ರಲ್ಲೇ, ಕಲ್ಕತ್ತೆಯ ಲೇಡಿ ಬ್ರೆಬೋರ್ನ್ ಮಹಿಳಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ವಿಭಾಗವನ್ನು ಕಟ್ಟಿದವರು ಅವರು. 1947ರಲ್ಲಿ ಎಳೆಯ ಮಗಳನ್ನೂ ಕರೆದುಕೊಂಡು ಅಮೆರಿಕಕ್ಕೆ ಹೋಗಿ, ವಿಸ್ಕಾನ್ಸಿನ್‌ನಲ್ಲಿಯೂ ಕ್ಯಾಲ್‌ಟೆಕ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಝೆಕ್‌ಮೈಸ್ಟರ್ ಅವರಲ್ಲಿಯೂ, ಅನಂತರ ಜ್ಯೂರಿಕ್‌ನಲ್ಲಿ ನೊಬೆಲ್ ಪುರಸ್ಕೃತ ಪಾಲ್ ಕಾರೆರ್ ಅವರಲ್ಲಿಯೂ ಕೆಲಸ ಮಾಡಿ ಹಿಂದಿರುಗಿದರು. 1954ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜನ್ನು ಸೇರಿ, 1962ರಿಂದ 1982ರವರೆಗೆ ಅಲ್ಲಿನ ಖೈರಾ ಪೀಠದ ಪ್ರಾಧ್ಯಾಪಕರಾಗಿದ್ದರು. ಹಣವೂ ರಾಸಾಯನಿಕಗಳೂ ಸದಾ ಕೊರತೆಯಿದ್ದ ಆ ಪ್ರಯೋಗಾಲಯದಿಂದ ಸುಮಾರು 400 ಪ್ರಬಂಧಗಳು ಹೊರಬಂದವು. 1961ರ ಭಟ್ನಾಗರ್ ಪ್ರಶಸ್ತಿ, 1975ರ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷತೆ, ಎರಡರಲ್ಲೂ ಅವರೇ ಮೊದಲ ಮಹಿಳೆ. ಇವು ಒಂದು ಸಾಲಿನಲ್ಲಿದ್ದರೆ ಸಾಕು.

ಉತ್ತರ (ಪುತ್ತೂರಿನ ಓದುಗ)

ನಮ್ಮ ಕಡೆ ಆಟಿ ಅಮಾವಾಸ್ಯೆಯ ದಿನ ಬೆಳಗಾಗುವ ಮುನ್ನ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು, ಕಾಳುಮೆಣಸು ಬೆಳ್ಳುಳ್ಳಿ ಹಾಕಿ ಕಷಾಯ ಕುಡಿಯುವ ಪಾಲೆ ಮರವೂ (ಸಪ್ತಪರ್ಣಿ) ಇದೇ ಕಥೆಗೆ ಸೇರುತ್ತದೆ. ಅದರ ತೊಗಟೆ, ಕಿರಾತಕಡ್ಡಿ, ಕಟುಕರೋಹಿಣಿ, ಗಜ್ಜುಗ ಸೇರಿದ ಮಲೇರಿಯಾ ಔಷಧದೊಂದಿಗೆ ಅಸೀಮಾ ಅವರ ಹೆಸರು ತಳುಕು ಹಾಕಿಕೊಂಡಿದೆ. ಅವರಿಗೆ ಇದರಲ್ಲಿ ಸಲ್ಲಬೇಕಾದ ಪಾಲು ಎಷ್ಟು?

ಉತ್ತರ (ಸಸ್ಯಜನ್ಯ ರಾಸಾಯನಿಕಗಳ ಸಂಶೋಧಕಿ)

ಆ ನಾಲ್ಕರ ಮಿಶ್ರಣ ಆಯುಷ್-64. ಅದನ್ನು ಹೊರತಂದದ್ದು ಕೇಂದ್ರ ಆಯುರ್ವೇದ ಸಂಶೋಧನಾ ಮಂಡಳಿ. ಆದ್ದರಿಂದ "ಈ ಗಿಡಗಳ ಕುರಿತು ಸಂಶೋಧನೆ ಮಾಡಿದವರು" ಎಂದಷ್ಟೇ ಬರೆಯುವುದು ಕ್ಷೇಮ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದಲ್ಲಿ ಹೋಲಿಸಿ ನೋಡಿದಾಗ ಅದು ರೂಢಿಯ ಮಲೇರಿಯಾ ಔಷಧವಾದ ಕ್ಲೋರೋಕ್ವಿನ್‌ಗೆ ಸರಿಸಾಟಿಯಾಗಲಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಜಟಾಮಾಂಸಿ ಮತ್ತು ಬಂಗಾಳದವರು ಪಲ್ಯಕ್ಕೆ ಬಳಸುವ ಶುಷ್ನಿ ಸೊಪ್ಪಿನಿಂದ ಸಿದ್ಧವಾದ ಅಪಸ್ಮಾರದ ಔಷಧ ಆಯುಷ್-56 ಮಾತ್ರ ಅವರ ಕೆಲಸಕ್ಕೆ ಹೆಚ್ಚು ಹತ್ತಿರದ್ದು.

ಪ್ರಶ್ನೆ ಕೇಳಿದವರು

ಎರಡೂ ವಾಕ್ಯಗಳನ್ನು ತಿದ್ದಿಸುತ್ತೇನೆ. ಅಲ್ಯೂಮಿನಾ ಕಂಬ ನಮ್ಮ ಪ್ರಯೋಗಾಲಯದಲ್ಲಿಲ್ಲ. ಅದರ ತತ್ವವನ್ನಾದರೂ ತೋರಿಸಲು ಸಾಧ್ಯವೇ?

ಉತ್ತರ (ನಿವೃತ್ತ ಪ್ರಾಧ್ಯಾಪಕ)

ಪಾಲಕ್ ಸೊಪ್ಪನ್ನು ಅಸಿಟೋನಿನಲ್ಲಿ ಅರೆದು ಸೋಸಿ, ಆ ರಸದಲ್ಲಿ ಬಿಳಿ ಸೀಮೆಸುಣ್ಣದ ಕಡ್ಡಿಯೊಂದನ್ನು ನಿಲ್ಲಿಸಿ. ಬೆಂಕಿಯಿಂದ ದೂರವಿಟ್ಟು, ಕಿಟಕಿಗಳನ್ನು ತೆರೆದು ಮಾಡಿಸಿ. ರಸ ಮೇಲೇರುತ್ತಿದ್ದಂತೆ ಹಸಿರು, ಹಳದಿ ಪಟ್ಟೆಗಳು ಬೇರೆಯಾಗುತ್ತವೆ. ಝೆಕ್‌ಮೈಸ್ಟರ್ ಇಂಥ ಬೇರ್ಪಡಿಕೆಯ ವಿಧಾನವನ್ನು ಬೆಳೆಸಿದವರಲ್ಲಿ ಒಬ್ಬರು, ಅವರಲ್ಲಿ ಅಸೀಮಾ ಅಧ್ಯಯನ ಮಾಡಿದ್ದೂ ಹಳದಿ, ಕಿತ್ತಳೆ ಬಣ್ಣದ ಸಸ್ಯವರ್ಣಕಗಳಾದ ಕ್ಯಾರೊಟಿನಾಯ್ಡ್‌ಗಳನ್ನೇ. ಹಳದಿ ಪಟ್ಟೆಯನ್ನು ತೋರಿಸುವಾಗ ಅದನ್ನೂ ಹೇಳಬಹುದು.