ಒಂದೇ ಲೇಖನ, ಮೂರು ಊರು: ಒಟ್ಟಿಗೆ ಬರೆಯುವುದು ಹೇಗೆ?

ಪ್ರಶ್ನೆ (ಕುಮಟಾ)
ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತದ ಬಗ್ಗೆ ನಾವು ಮೂವರು ಸಂಶೋಧನಾ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಇಲ್ಲಿ ರೈತರ ಸಂದರ್ಶನ ಮಾಡುವವನು ನಾನು. ಉಳಿದವರಲ್ಲಿ ಒಬ್ಬರು ಶಿರಸಿಯಲ್ಲಿ, ಇನ್ನೊಬ್ಬರು ಧಾರವಾಡದಲ್ಲಿದ್ದಾರೆ. ಕಡತವು ವಾಟ್ಸಾಪ್‌ನಲ್ಲಿ ಓಡಾಡಿ ಓಡಾಡಿ ಈಗ ‘ಅಂತಿಮ’ ಎಂಬ ಹೆಸರಿನ ನಾಲ್ಕು ಪ್ರತಿಗಳಾಗಿವೆ. ಸಾಲದ್ದಕ್ಕೆ, ನಾನು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದು ಅವರ ಫೋನಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಎಲ್ಲಿಂದ ಸರಿಪಡಿಸುತ್ತ ಬರಬೇಕು?

ಉತ್ತರ (ಕಾರವಾರ)
ಅಕ್ಷರದಿಂದಲೇ ಆರಂಭಿಸಿ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಮೂಲದ ಇಂಗ್ಲಿಷ್ ಅಕ್ಷರಗಳೇ ಹೊರಬೀಳುತ್ತವೆ. ಎಲ್ಲವನ್ನೂ ಇಂದಿನ ಯಂತ್ರಗಳೆಲ್ಲ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿ, ಬಳಿಕ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ. ನಡುವೆ ಇಂಗ್ಲಿಷ್‌ನಲ್ಲಿರುವ ಸಸ್ಯನಾಮಗಳನ್ನೂ ಪರಿವರ್ತಕವು ಕನ್ನಡವೆಂದು ತಿಳಿದು ಕೆಡಿಸಿರಬಹುದು. ಆಮೇಲೆ ಗೂಗಲ್ ಡಾಕ್ಸ್‌ನಲ್ಲಿ ಒಂದೇ ಕಡತವಿಟ್ಟು, ಪರಸ್ಪರರ ಬರಹವನ್ನು ನೇರವಾಗಿ ತಿದ್ದದೆ ಸಲಹೆಯ ರೂಪದಲ್ಲಿ ತಿದ್ದಿರಿ. ಹಿಂದಿನ ಆವೃತ್ತಿಗಳು ಅಲ್ಲಿಯೇ ಉಳಿಯುವುದರಿಂದ ‘ಅಂತಿಮ’ಗಳ ಕಾಟ ತಪ್ಪುತ್ತದೆ.

ಉತ್ತರ (ಶಿರಸಿ)
ಗ್ರಂಥಋಣಕ್ಕೆ ಝೊಟೆರೊ ಎಂಬ ಆಕರ ನಿರ್ವಹಣಾ ತಂತ್ರಾಂಶದಲ್ಲಿ ಮೂವರಿಗೂ ಸೇರಿದ ಗುಂಪು ಗ್ರಂಥಾಲಯ ತೆರೆಯಿರಿ. ಉಚಿತವಾಗಿ ಸಿಗುವುದು 300 ಎಂಬಿ ಮಾತ್ರ. ಗುಂಪಿನ ಪಿಡಿಎಫ್‌ಗಳೆಲ್ಲ ಅದನ್ನು ತೆರೆದವರ ಲೆಕ್ಕಕ್ಕೇ ಸೇರುವುದರಿಂದ ಸ್ಕ್ಯಾನ್ ಮಾಡಿದ ದಪ್ಪ ಪುಸ್ತಕಗಳನ್ನು ಅಲ್ಲಿ ತುಂಬಬೇಡಿ. ನಮ್ಮ ಹೆಸರುಗಳು ಮೊದಲ ಹೆಸರು, ಕುಲನಾಮ ಎಂಬ ಎರಡು ಪೆಟ್ಟಿಗೆಗಳಿಗೆ ಸಲೀಸಾಗಿ ಒಗ್ಗುವುದಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಬರೆಯುವ ಸೌಲಭ್ಯವೂ ಇದೆ. ಯಾವುದೆಂದು ಮೂವರೂ ಮೊದಲೇ ನಿರ್ಧರಿಸಿಕೊಳ್ಳಿ.

ಉತ್ತರ (ಅಂಕೋಲಾ)
ಸಂದರ್ಶನದ ವೇಳೆ ನೆಟ್‌ವರ್ಕ್ ಸಿಗದ ಕಡೆ ಕೋಬೊ ಕಲೆಕ್ಟ್ ಎಂಬ ಸಮೀಕ್ಷೆಯ ಆ್ಯಪ್ ಬಳಸಿದರೆ ಉತ್ತರಗಳು ಫೋನಿನಲ್ಲೇ ಉಳಿದು, ಸಂಪರ್ಕ ಸಿಕ್ಕಾಗ ರವಾನೆಯಾಗುತ್ತವೆ. ಊರಿನ ಹೆಸರನ್ನು ಬರೆಯಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಿ, ಇಲ್ಲವಾದರೆ ಒಂದೇ ಊರು ಕೋಷ್ಟಕದಲ್ಲಿ ಮೂರಾಗುತ್ತದೆ. ರೈತರ ಧ್ವನಿಮುದ್ರಣಗಳನ್ನು ಮಾತ್ರ ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂದು ಹಂಚಬೇಡಿ. ಜಮೀನಿನ ತಕರಾರುಗಳೂ ಆ ಮಾತಿನಲ್ಲಿ ಬಂದಿರುತ್ತವೆ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಧ್ವನಿಮುದ್ರಣಗಳು ಹಾಗೆಯೇ ತೆರೆದಿದ್ದವು, ಈಗಷ್ಟೇ ಮುಚ್ಚಿದೆ. ಕೋಷ್ಟಕ ತೆರೆದರೆ ನಾನು ‘ಗಜನಿ’ ಎಂದೂ ಶಿರಸಿಯ ಸಹಲೇಖಕರು ‘ಗಜಣಿ’ ಎಂದೂ ಬರೆದಿದ್ದೇವೆ. ಪರಿವರ್ತನೆಗಿಂತ ಮೊದಲು ಅದನ್ನು ಇತ್ಯರ್ಥಪಡಿಸಿಕೊಳ್ಳುತ್ತೇವೆ.